ಚಿತ್ರದೊಳಗಿನ ಮನೆಗೆ ಬರಬೇಡ

ಬ್ಲೂ ಫೋರ್ಕ್ ಹಳ್ಳ, ನೆಬ್ರಾಸ್ಕಾ ಪ್ರಾಂತ
೯ ಫೆಬ್ರುವರಿ ೧೮೫೮

ನನ್ನ ಮುದ್ದು ತಂಗಿ ಹೆಪ್ಸಿ,

ನಿನ್ನ ಕಾಗದ ನಿನ್ನೆ ತಲುಪಿತು. ಅಂಚೆಯವನು ಎರಡು ವಾರ ಹಿಮದಲ್ಲಿ ಸಿಕ್ಕಿಕೊಂಡಿದ್ದನಂತೆ. ಲಕೋಟೆ ಒದ್ದೆಯಾಗಿ ನಿನ್ನ ಅಕ್ಷರ ಅಲ್ಲಲ್ಲಿ ಹರಡಿಹೋಗಿತ್ತು. ಆದರೂ ಒಂದು ಪದ ಬಿಡದೆ ಓದಿದೆ. ಓದಿ ಮುಗಿಸಿದವಳೇ ಹೊರಗೆ ಹೋಗಿ ಕಾರಿಕೊಂಡೆ. ಕಾಯಿಲೆ ಏನಿಲ್ಲ, ಗಾಬರಿಯಾಗಬೇಡ. ಈಗ ನಾನು ಬರೆಯುವುದನ್ನೆಲ್ಲ ಕೂತುಕೊಂಡು ಓದು, ಎನೋಸನನ್ನೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದು. ಅಪ್ಪನ ಜಮೀನನ್ನು ಮಾರಿ ಮಾರ್ಚ್ ಇಪ್ಪತ್ತಕ್ಕೆ ಸಹಿ ಹಾಕುತ್ತೇವೆ ಎಂದು ಬರೆದಿದ್ದೀಯಲ್ಲ, ಈ ಕಾಗದ ಮುಗಿಯುವವರೆಗೆ ನಿನ್ನ ಗಂಡ ಲೇಖನಿ ಮುಟ್ಟಬಾರದು. ಅದಕ್ಕಿಂತ ಮೊದಲು ಇದು ನಿನ್ನ ಕೈ ಸೇರಲಿ ಎಂದು ದೇವರಲ್ಲಿ ಬೇಡಿಕೊಂಡೆ. ನಾನು ದೇವರ ಹತ್ತಿರ ಮಾತಾಡಿ ಬಹಳ ತಿಂಗಳಾಗಿತ್ತು.

ನೀನು ಬರೆದದ್ದನ್ನು ನಿನಗೇ ಮತ್ತೆ ಹೇಳುತ್ತೇನೆ, ಕೇಳು. ಸಿನ್ಸಿನಾಟಿಯ ಸಭಾಂಗಣಕ್ಕೆ ಹೋಗಿ, ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಚಿನ್ನದ ಚೌಕಟ್ಟಿನ ಆ ದೊಡ್ಡ ಎಣ್ಣೆಚಿತ್ರವನ್ನು ನೋಡಿದೆ. ಕೆಂಪು ಮಖಮಲ್ಲಿನ ಪರದೆ ಸರಿಸಿದ ಕೂಡಲೇ ‘ಅಯ್ಯೋ, ಇವಳು ನಮ್ಮಕ್ಕ ಲವೀನಾ!’ ಎಂದು ಕೂಗಿಬಿಟ್ಟೆ. ಜನ ನಿನಗೆ ದಾರಿ ಬಿಟ್ಟರು, ಒಬ್ಬ ಮುದುಕ ಟೋಪಿ ತೆಗೆದ. ಹಳ್ಳದ ದಂಡೆಯ ಮೇಲೆ ಹೊಸ ಮನೆ, ಗಾಜಿನ ಕಿಟಕಿಯಲ್ಲಿ ಸಂಜೆಯ ಬೆಳಕು, ಬಾಗಿಲ ಬಳಿ ತೂಗಿದ ಜಿಂಕೆ, ಕೊಡಲಿಗೆ ಕೈಯೂರಿ ನಿಂತ ನನ್ನ ಗಂಡ ಜೋಥಮ್, ತೋಳಿನಲ್ಲಿ ಗುಂಡುಗುಂಡಾದ ಮಗುವನ್ನು ಹಿಡಿದ ನಾನು. ‘ಅಕ್ಕಾ, ರಾಣಿ ಥರ ಇದ್ದೀಯ. ಇಷ್ಟು ದಿನ ನಿನ್ನ ಬಗ್ಗೆ ಪಾಪ ಅಂದ್ಕೋತಿದ್ದೆ, ನಾಚಿಕೆಯಾಯ್ತು’ ಎಂದು ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಹಾಗೂ ಹೀಗೂ ನುಂಗಿಕೊಳ್ಳುತ್ತಿದ್ದೆ. ನೀನು ಬಸುರಿ ಎಂದೂ ಬರೆದೆ. ಜೂನ್ ತಿಂಗಳಿಗೆ ಹೆರಿಗೆ, ಅದು ಆ ಗಾಜಿನ ಕಿಟಕಿಯ ಪಕ್ಕದ ಕೋಣೆಯಲ್ಲೇ ಆಗಬೇಕು, ಮಗುವನ್ನು ನೀನೇ ಹಿಡಿಯಬೇಕು ಅಕ್ಕಾ ಎಂದೆ. ನಾನು ಹೊರಗೆ ಓಡಿದ್ದು ಅದಕ್ಕೆ.

ಆ ಕಿಟಕಿಯ ಪಕ್ಕ ಕೋಣೆಯಿಲ್ಲ ಕಣೇ. ಆ ಕಿಟಕಿಯ ಹಿಂದೆ ತೂತೂ ಇಲ್ಲ.

ನಾನು ಎಲ್ಲಿ ಕೂತು ಬರೆಯುತ್ತಿದ್ದೇನೆ ಎಂದು ಹೇಳಿಬಿಡುತ್ತೇನೆ. ದಿಬ್ಬದ ಹೊಟ್ಟೆಯನ್ನು ಅಗೆದು ಮಾಡಿದ ಗುಂಡಿಯೊಳಗೆ. ಮೂರು ಕಡೆ ಹಸಿ ಮಣ್ಣು, ಮುಂದೆ ಹುಲ್ಲುಹೆಂಟೆ ಪೇರಿಸಿದ ಗೋಡೆ, ಮೇಲೆ ಕೊಂಬೆ ಹಾಸಿ ಅದರ ಮೇಲೆ ಮತ್ತೆ ಮಣ್ಣು. ಹೊರಗೆ ಒಂದು ದಿನ ಮಳೆ ಬಂದರೆ ಒಳಗೆ ಮೂರು ದಿನ ಕೆಸರು ಸುರಿಯುತ್ತದೆ. ಹಿಟ್ಟಿನಲ್ಲಿ ಇಲಿಯ ಹಿಕ್ಕೆ ಆರಿಸಿ ಆರಿಸಿ ಸಾಕಾಗಿ ಈಗ ಜರಡಿ ಹಿಡಿಯುವುದನ್ನೂ ಬಿಟ್ಟಿದ್ದೇನೆ. ಉಪ್ಪು ಹಾಕಿದ ಹಂದಿಮಾಂಸ ಹಸಿರು ತಿರುಗಿದೆ. ಮೇಲಿನದನ್ನು ಕೆರೆದು ಒಳಗಿನದನ್ನು ಹುರಿಯುತ್ತೇನೆ. ಬಾವಿಯ ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಕಾಫಿ ಹಾಕಿದರೆ ಕೊಳೆತ ಮೊಟ್ಟೆಯ ಕಾಫಿ. ಒಲೆಯ ಕಾವಿಗೆ ಗೋಡೆಯೊಳಗೆ ಚಳಿಗೆ ಮಲಗಿದ ಹಾವುಗಳಿಗೆ ಎಚ್ಚರವಾಗುತ್ತದೆ. ಹೋದ ಭಾನುವಾರ ಒಂದು ಹಾವು ನನ್ನ ಮಗಳು ಡಾರ್ಕಸಳ ಹಾಸಿಗೆಯ ಮೇಲೆ ಬಿತ್ತು. ಜೋಥಮ್ ಅದನ್ನು ಸಲಿಕೆಯಲ್ಲಿ ಎರಡು ತುಂಡು ಮಾಡಿ, ಸಲಿಕೆಯನ್ನು ಪ್ಯಾಂಟಿಗೆ ಒರೆಸಿ, ಅದೇ ಪ್ಯಾಂಟಿನಲ್ಲಿ ಊಟಕ್ಕೆ ಕೂತ. ನಾಲ್ಕು ವರ್ಷದ ಮಗು ಕೇಳುತ್ತದೆ, “ಅಮ್ಮಾ, ಬಾಲ ಇನ್ನೂ ಆಡ್ತಿದೆ, ಅದಕ್ಕೂ ಚಳೀನಾ?” ಎಂದು.

ಹಾಗಾದರೆ ಚಿತ್ರದ ಮನೆ ಯಾವುದು ಎನ್ನುತ್ತೀಯ. ಅದು ಗಾಲಿಯ ಮೇಲಿನ ಮನೆ. ಇಲ್ಲಿ ಸರ್ಕಾರದ ನೆಲವನ್ನು ಅಗ್ಗದ ಬೆಲೆಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ, ಈ ನೆಲದ ಮೇಲೆ ವಾಸಕ್ಕೆ ಯೋಗ್ಯವಾದ ಮನೆ ಕಟ್ಟಿದ್ದೇನೆ, ಅದಕ್ಕೆ ಗಾಜಿನ ಕಿಟಕಿ ಇದೆ ಎಂದು ಬೈಬಲ್ ಮುಟ್ಟಿ ಹೇಳಬೇಕು. ಹಲಗೆಯಿಲ್ಲದ ನಾಡಿನಲ್ಲಿ ಮನೆ ಎಲ್ಲಿಂದ ಬರಬೇಕು? ಅದಕ್ಕೇ ಇಲ್ಲಿಯ ಏಳು ಗಂಡಸರು ಸೇರಿ ಒಂದೇ ಒಂದು ಹಲಗೆಮನೆ ಮಾಡಿ, ನಾಲ್ಕು ಗಾಲಿಯ ಮೇಲೆ ಕೂರಿಸಿದ್ದಾರೆ. ಯಾರ ಸರದಿಯೋ ಅವರ ನೆಲಕ್ಕೆ ಎತ್ತು ಕಟ್ಟಿ ಎಳೆದುಕೊಂಡು ಹೋಗುವುದು, ಒಂದು ರಾತ್ರಿ ಒಳಗೆ ಮಲಗಿ ಏಳುವುದು, ಕಚೇರಿಗೆ ಹೋಗಿ ಆಣೆಯಿಡುವುದು, ಮರುದಿನ ಮುಂದಿನವನಿಗೆ ಬಿಟ್ಟುಕೊಡುವುದು. ಕಿಟಕಿಯೂ ಒಂದೇ. ಚೌಕಟ್ಟಿಗೆ ದಾರ ಕಟ್ಟಿ ಹೊರಗೋಡೆಯ ಮೊಳೆಗೆ ತೂಗುಹಾಕುತ್ತಾರೆ, ನಮ್ಮಮ್ಮ ಬಾಣಲೆ ತೂಗುಹಾಕುತ್ತಿದ್ದಳಲ್ಲ, ಹಾಗೆ. ‘ಮನೆಗೆ ಗಾಜಿನ ಕಿಟಕಿ ಇದೆಯೇ?’ ಎಂದರೆ ‘ಇದೆ ಸ್ವಾಮಿ’. ಅಂಥವರೆಲ್ಲ ಭಾನುವಾರ ಒಂದೇ ಬೆಂಚಿನ ಮೇಲೆ ಕೂತು ಪ್ರಾರ್ಥನೆ ಹೇಳುತ್ತಾರೆ. ಜೋಥಮ್ ಆಣೆಯಿಟ್ಟ ದಿನ ಕಚೇರಿಯವನು ನನ್ನ ಕಡೆ ತಿರುಗಿ, “ಏನಮ್ಮ, ಮನೆ ಹಿಡಿಸಿತೇ?” ಎಂದು ಕೇಳಿದ. ನಾನು ತಲೆಯಾಡಿಸಿದೆ. ಥೂ, ಇಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

ಚಿತ್ರ ಬರೆಯುವ ಗೇಜ್ ದೊರೆ ಬಂದಿಳಿದದ್ದು ಅದೇ ವಾರ, ಹೋದ ಜುಲೈಯಲ್ಲಿ. ವಿಂಥ್ರಪ್ ಗೇಜ್ ಎಂದು ಹೆಸರು. ಎರಡು ಕುದುರೆ, ಬಣ್ಣದ ಪೆಟ್ಟಿಗೆ, ಡಬ್ಬಿಯ ಮೀನು, ಮೂಗಿಗೆ ಸದಾ ಒತ್ತಿ ಹಿಡಿದ ಕರ್ಚೀಫು. “ನಾನು ಕಂಡದ್ದನ್ನ ಕಂಡ ಹಾಗೇ ಬರೆಯೋನು ತಾಯಿ. ಪೂರ್ವದವರು ಬರೆಯೋ ಸುಳ್ಳು ದೇವತೆಗಳು, ಸುಳ್ಳು ಮೋಡ, ಅದೆಲ್ಲ ನನ್ನ ಹತ್ತಿರ ಇಲ್ಲ” ಎಂದ. ನಮ್ಮ ಗುಂಡಿಮನೆಯೊಳಗೆ ಬಗ್ಗಿ ಒಮ್ಮೆ ಇಣುಕಿ ಹಿಂದಕ್ಕೆ ಹಾರಿದ. ಕರ್ಚೀಫಿನ ಒಳಗಿನಿಂದಲೇ, “ಇದು ಬೇಡ. ಇದನ್ನ ಯಾರೂ ನಂಬೋದಿಲ್ಲ” ಎಂದ. ಅಷ್ಟರಲ್ಲಿ ಅವನ ಕಣ್ಣು ಗಾಲಿಯ ಮೇಲಿನ ಮನೆಗೆ ಬಿತ್ತು.

ನಮ್ಮ ಬೋಳು ದಿಬ್ಬದ ಮೇಲೆ ಮನೆ ಚೆನ್ನಾಗಿ ಕಾಣಲಿಲ್ಲ ಅವನಿಗೆ. ಹಿಂದೆ ನೀರು ಬೇಕಂತೆ, ಮರ ಬೇಕಂತೆ. ಹಳ್ಳದ ಆಚೆ ದಂಡೆಯಲ್ಲಿ ಪ್ಲಮ್ ಗಿಡಗಳ ತೋಪು ಇದೆ, ಕನ್ನಡಿಯಂಥ ನೀರಿನ ಮಡು ಇದೆ. ಆದರೆ ಹಳ್ಳದ ಆಚೆಯ ನೆಲ ಓಟೋ ಜನರದು. ಸರ್ಕಾರವೇ ಕಾಗದ ಬರೆದು ಅವರಿಗೆಂದು ಬಿಟ್ಟದ್ದು, ನಮ್ಮಂಥವರು ಅಲ್ಲಿ ಗೂಟ ಹೊಡೆಯುವಂತಿಲ್ಲ, ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಗೇಜ್ ದೊರೆ, “ಚಿತ್ರಕ್ಕೆ ಗಡಿ ಎಲ್ಲಿದೆ ಮಾರಾಯ?” ಎಂದು ನಕ್ಕ. ಜೋಥಮ್ ಎರಡು ಜೋಡಿ ಎತ್ತು ಕಟ್ಟಿ, ಹಳ್ಳ ದಾಟಿಸಿ, ಮನೆಯನ್ನು ಅಲ್ಲಿ ನಿಲ್ಲಿಸಿದ.

ಅಲ್ಲಿ ಒಬ್ಬ ಓಟೋ ಮುದುಕಿ ಗೆಣಸು ಅಗೆಯುತ್ತಿದ್ದಳು. ಪ್ರತಿ ವರ್ಷವೂ ಅಲ್ಲೇ ಅಗೆಯುವವಳು, ವ್ಯಾಪಾರದವರ ಜೊತೆ ಬೆಳೆದು ನಮ್ಮ ಮಾತು ಚೆನ್ನಾಗಿ ಬಲ್ಲವಳು. ಮನೆ ನೀರಿನೊಳಗೆ ತೂರಾಡುತ್ತಾ ಬರುವುದನ್ನು ಕಂಡು ಕೋಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಏನಮ್ಮಾ, ನಿಮ್ಮ ಮನೆಗೆ ಕಾಲು ಬಂದಿದೆ! ಒಳ್ಳೇದೇ ಆಯ್ತು ಬಿಡು, ಹೋಗು ಅಂದ್ರೆ ಹೋಗುತ್ತೆ” ಎಂದಳು. ಗೇಜ್ ದೊರೆಗೆ ಅವಳೂ ಚಿತ್ರದಲ್ಲಿ ಬೇಕಾಯಿತು, ಆದರೆ ಅಳುಮುಖ ಮಾಡಿಕೊಂಡು. “ಸ್ವಲ್ಪ ದುಃಖದಿಂದ ಸೂರ್ಯನ ಕಡೆ ನೋಡು ಅಜ್ಜಿ” ಎಂದ. ಅವಳು, “ಯಾಕೆ, ಸೂರ್ಯ ಏನು ಮಾಡಿದ?” ಎಂದು ಮತ್ತೆ ನಕ್ಕಳು. ಎಷ್ಟು ಹೇಳಿದರೂ ನಗು ನಿಲ್ಲಲಿಲ್ಲ. ಕೊನೆಗೆ ಅವಳ ಬೆನ್ನನ್ನು ಬರೆದ. ‘ದೂರದಲ್ಲಿ ಆ ಮುದುಕಿ ಅಳುತ್ತಾ ನಾಡು ಬಿಟ್ಟು ಹೋಗುತ್ತಿದ್ದಾಳೆ, ನೋಡಿ ನನಗೂ ಕಣ್ಣೀರು ಬಂತು’ ಎಂದು ಬರೆದಿದ್ದೀಯಲ್ಲ ಹೆಪ್ಸಿ, ಅವಳು ಆಗ ಊಟದ ಹೊತ್ತಾಯಿತೆಂದು ಮನೆಗೆ ಹೊರಟಿದ್ದಳು. ಮರುದಿನ ಮತ್ತೆ ಬಂದು ಅಗೆದಳು.

ಈಗ ಆ ಗುಂಡುಮಗುವಿನ ವಿಷಯ. ಅದು ನನ್ನ ಡಾರ್ಕಸ್ ಅಲ್ಲ. ಹೋದ ಬೇಸಿಗೆಯಲ್ಲಿ ಈ ಹುಲ್ಲುಗಾವಲಿನ ಕಜ್ಜಿ ಅವಳಿಗೆ ತಲೆಯಿಂದ ಪಾದದವರೆಗೆ ಹತ್ತಿತ್ತು. ಕೆರೆದು ಕೆರೆದು ಕೀವು ಸುರಿಯುತ್ತಿತ್ತು. ಗಂಧಕವನ್ನು ಹಂದಿಕೊಬ್ಬಿನಲ್ಲಿ ಕಲಸಿ ಮೈಗೆಲ್ಲ ಬಳಿದಿದ್ದೆ, ಅದರ ನಾತಕ್ಕೆ ನೊಣಗಳೂ ಹತ್ತಿರ ಬರುತ್ತಿರಲಿಲ್ಲ. ಅವಳಿಗೆ ತಲೆ ಬಾಚಿ, ಇದ್ದ ಒಂದು ಬಿಳಿ ಅಂಗಿ ಹಾಕಿ ಕರೆದುಕೊಂಡು ಹೋದೆ. ಗೇಜ್ ದೊರೆ ಅವಳ ಮುಖ ನೋಡಿ, “ಕಂಡದ್ದನ್ನ ಬರೆಯೋದು ಸರಿ ತಾಯಿ, ಆದರೆ ಇದನ್ನ ಜನ ದುಡ್ಡು ಕೊಟ್ಟು ನೋಡಲ್ಲ” ಎಂದ. ಜೋಥಮ್ ನಗುತ್ತಾ ಹೋಗಿ ನೆರೆಯ ಜರ್ಮನ್ ಹೆಂಗಸು ಹಾಂಕೆಯಮ್ಮನ ಗಂಡುಮಗು ಗುಸ್ತಾಫನನ್ನು ಎರವಲು ತಂದ. ಡಾರ್ಕಸ್ ಹುಲ್ಲಿನಲ್ಲಿ ಕೂತು ಕೆರೆದುಕೊಳ್ಳುತ್ತಾ ನೋಡಿದಳು. “ಅಮ್ಮಾ, ಅವನು ನನ್ನ ಜಾಗದಲ್ಲಿ ಯಾಕಿದ್ದಾನೆ?” ಎಂದಳು. “ಸುಮ್ನಿರೇ, ಸ್ವಲ್ಪ ಹೊತ್ತು” ಎಂದೆ. ಮೂರು ದಿನ ಆಯಿತು ಆ ಸ್ವಲ್ಪ ಹೊತ್ತು. ನೀನು ಆ ಮಗುವಿನ ಕೆನ್ನೆಯ ಮೇಲೆ ಗಾಳಿಯಲ್ಲೇ ಮುತ್ತಿಟ್ಟೆ ಎಂದು ಬರೆದಿದ್ದನ್ನು ನಾನು ಡಾರ್ಕಸಳಿಗೆ ಓದಿ ಹೇಳಲಿಲ್ಲ.

ಜಿಂಕೆಯನ್ನೂ ಕೇಳು. ಮೊದಲ ದಿನ ಹೊಡೆದು ತಂದು ಬಾಗಿಲಿಗೆ ತೂಗಿದರು. ಜುಲೈಯ ಬಿಸಿಲು. ಎರಡನೆಯ ದಿನ ಉಬ್ಬಿತು, ಮೂರನೆಯ ದಿನ ಅದರ ಕಣ್ಣಿನಿಂದ, ಬಾಯಿಯಿಂದ ಹುಳು ನನ್ನ ತೋಳಿನ ಮೇಲೆ ಉದುರುತ್ತಿತ್ತು. “ನೀವು ಅಲುಗಬೇಡಿ ತಾಯಿ, ಮುಖದಲ್ಲಿ ಆ ಶಾಂತಿ ಇರಲಿ” ಎನ್ನುತ್ತಾನೆ ಅವನು, ಇಪ್ಪತ್ತು ಮಾರು ದೂರದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತು. ಚಿತ್ರದಲ್ಲಿ ಜಿಂಕೆ ಈಗ ತಾನೇ ಸತ್ತಂತಿದೆ. ನನ್ನ ಮುಖದ ಮೇಲಿನ ಶಾಂತಿಯ ಬಗ್ಗೆ ಪತ್ರಿಕೆಯವನು ಒಂದು ಪೂರ್ತಿ ಅಂಕಣ ಬರೆದಿದ್ದಾನಂತೆ. ನಾನು ಬಾಯಿ ಬಿಟ್ಟರೆ ವಾಂತಿಯಾಗುತ್ತದೆಂದು ತುಟಿ ಕಚ್ಚಿ ನಿಂತಿದ್ದೆ, ಅಷ್ಟೇ.

ಇಷ್ಟರವರೆಗೆ ಬರೆದದ್ದು ಸುಲಭ. ಬೇರೆಯವರ ಹೊಲಸು ಎತ್ತಿ ತೋರಿಸುವುದಕ್ಕೆ ಏನು ಕಷ್ಟ? ಇನ್ನು ನನ್ನದು.

ಅಕ್ಟೋಬರಿನಲ್ಲಿ ಗೇಜ್ ದೊರೆ ಪತ್ರಿಕೆಯ ತುಂಡು ಕಳಿಸಿದ: ‘ಹೊಸ ನೆಲದ ಸಂಜೆ’ ಎಂಬ ಚಿತ್ರವನ್ನು ಪೂರ್ವದಲ್ಲಿ ಊರೂರಿಗೂ ಒಯ್ದು ತೋರಿಸುತ್ತಿದ್ದಾರೆ, ಜನ ಮುಗಿಬಿದ್ದಿದ್ದಾರೆ, ಮುಂದೆ ಸಿನ್ಸಿನಾಟಿಗೂ ಬರುತ್ತದೆ ಎಂದು. ಓದಿ ಹೇಳಿದೆ. ಜೋಥಮ್ ಅರ್ಧ ದಿನ ಹೊಗೆಸೊಪ್ಪು ಅಗಿದು ಅಗಿದು ನೆಲಕ್ಕೆ ಉಗಿದ. ಆಮೇಲೆ, “ಲವೀನಾ, ನಿನ್ನ ತಂಗಿ ಗಂಡನಿಗೆ ಒಂದು ಕಾಗದ ಬರೀತೀಯಾ?” ಎಂದ. “ಏನಂತ?” ಎಂದೆ. “ಚಿತ್ರ ನೋಡ್ಕೊಂಡು ಬಾ ಅಂತ. ನೋಡಿದ ಮೇಲೆ ಆ ಜಾಗ ಬೇಕಾ ಅಂತ ಕೇಳು. ನಾವು ಸುಳ್ಳು ಹೇಳೋದೇನಿದೆ? ಚಿತ್ರವೇ ಹೇಳುತ್ತೆ.” ಅವನ ಹೆಸರಿನಲ್ಲಿರುವುದು ಈಚೆಯ ಬೋಳು ದಿಬ್ಬ, ಕೊಳೆತ ಮೊಟ್ಟೆಯ ಬಾವಿ, ಈ ಹಾವಿನ ಗುಂಡಿ. ಎನೋಸ್ ಕೊಳ್ಳುವುದು ಈ ದಿಬ್ಬದ ಕಾಗದವನ್ನು, ಕಣ್ಣಿನಲ್ಲಿ ಇಟ್ಟುಕೊಂಡು ಬರುವುದು ಆಚೆಯ ಪ್ಲಮ್ ತೋಪನ್ನು. ಬಂದು ನೋಡುವ ಹೊತ್ತಿಗೆ ಅಪ್ಪನ ಜಮೀನು ಕೈಬಿಟ್ಟಿರುತ್ತದೆ, ದುಡ್ಡು ಜೋಥಮನ ಕೈಯಲ್ಲಿರುತ್ತದೆ.

ಜೋಥಮನಿಗೆ ಓದು ಬರಹ ಬರುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಹಾಗಾಗಿ ಎನೋಸನಿಗೆ ಬಂದ ಆ ಕಾಗದ ಯಾರ ಕೈಬರಹ ಎಂದು ನೀನು ಮೊದಲ ನೋಟಕ್ಕೇ ಗುರುತಿಸಿರುತ್ತೀಯ. ಗುರುತಿಸಿದ್ದಕ್ಕೇ ನಂಬಿದೆ. ಅವನು ಹೇಳಿದ, ನಾನು ಬರೆದೆ ಎಂದು ಹೇಳಿ ಪಾರಾಗಬಹುದು. ಆದರೆ ಅವನು ಹೇಳಿದ್ದು ಮೂರೇ ಸಾಲು. ‘ನೀರು ಸಿಹಿಯಾಗಿದೆ’ ಎಂದು ಸೇರಿಸಿದ್ದು ನಾನು. ‘ಮಕ್ಕಳಿಗೆ ಇಲ್ಲಿಯ ಗಾಳಿ ಚೆನ್ನಾಗಿ ಒಗ್ಗುತ್ತದೆ’ ಎಂದು ಬರೆದದ್ದು ನಾನು. ಆಗ ಡಾರ್ಕಸ್ ನನ್ನ ಮಗ್ಗುಲಲ್ಲೇ ಕೂತು ಮೊಣಕೈಯ ಹಕ್ಕಳೆ ಕೀಳುತ್ತಿದ್ದಳು.

ಯಾಕೆ ಬರೆದೆ ಎನ್ನುತ್ತೀಯ. ಇಲ್ಲಿಂದ ಹೋಗುವುದಕ್ಕೆ, ಅದನ್ನು ಮಾತ್ರ ನಿಮಗೆ ತಿಳಿಸಿರಲಿಲ್ಲ. ನಿಮ್ಮ ದುಡ್ಡು ಬಂದ ಕೂಡಲೇ ನಿನ್ನನ್ನೂ ಮಗುವನ್ನೂ ಓಹಿಯೋಗೆ ಕಳಿಸುತ್ತೇನೆ, ನಾನು ಚಿನ್ನದ ನಾಡಿಗೆ ಹೋಗುತ್ತೇನೆ ಎಂದು ಜೋಥಮ್ ಮಾತು ಕೊಟ್ಟಿದ್ದ. ನದಿಯ ಮಂಜುಗಡ್ಡೆ ಒಡೆದ ಮೇಲೆ ನೀವು ಮೇಲಕ್ಕೆ ಬರುವ ಹಡಗಿನಲ್ಲಿ, ನಾನು ಕೆಳಕ್ಕೆ ಹೋಗುವ ಹಡಗಿನಲ್ಲಿ. ನಾನು ಅದನ್ನೂ ಲೆಕ್ಕ ಹಾಕಿದ್ದೆ ಹೆಪ್ಸಿ. ಎಲ್ಲೋ ನಡುನೀರಿನಲ್ಲಿ ನಿಮ್ಮ ಹಡಗು ಎದುರಾದರೆ ಒಳಗೆ ಹೋಗಿ ಕೂತುಬಿಡಬೇಕು, ಕಟಕಟೆಯ ಹತ್ತಿರ ನಿಲ್ಲಬಾರದು, ನೀನು ಕೈಬೀಸಿದರೆ ತಡೆದುಕೊಳ್ಳಲಾರೆ ಎಂದು. ನಿನ್ನ ಮೂರು ಮಕ್ಕಳನ್ನು ನೀರಿಗೆ ನೂಕಿ ಅವರ ತಲೆಯ ಮೇಲೆ ಕಾಲಿಟ್ಟು ದಡ ಹತ್ತುವುದನ್ನು ನಾಲ್ಕು ತಿಂಗಳು ಯೋಚಿಸಿದ ಹೆಂಗಸು ನಾನು. ಊಟ ಮಾಡುತ್ತಾ ಯೋಚಿಸಿದೆ, ಪ್ರಾರ್ಥನೆಯ ಬೆಂಚಿನ ಮೇಲೆ ಯೋಚಿಸಿದೆ. ಚೆನ್ನಾಗಿಯೇ ನಿದ್ದೆ ಬರುತ್ತಿತ್ತು. ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ, ಆ ಜಿಂಕೆಯ ಹುಳುವನ್ನು ತೋಳಿನಿಂದ ಕೊಡವಿದ ಹಾಗೆ ಇದನ್ನು ಕೊಡವಲು ಆಗುವುದಿಲ್ಲ.

ನಿನ್ನೆಯ ಕಾಗದದಲ್ಲಿ ನೀನು ಹೆರಿಗೆಯ ಮಾತು ಬರೆಯದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ ದೇವರಿಗೇ ಗೊತ್ತು. ಒಳ್ಳೆಯವಳಾಗಿಬಿಟ್ಟೆ ಎಂದು ತಿಳಿಯಬೇಡ. ನೀನು ಆ ಮಣ್ಣಿನ ಗುಂಡಿಯಲ್ಲಿ ಮಲಗಿ, ನನ್ನ ಹೆಸರು ಹಿಡಿದು ಕೂಗುವುದು, ನಿನ್ನ ಜೊತೆ ಬಂದ ಅಮ್ಮ ಆ ಬಾವಿಯ ನೀರು ಕಾಯಿಸುವುದು, ನಾನು ಓಹಿಯೋದಲ್ಲಿ ಯಾರದೋ ಅಡುಗೆಮನೆಯ ಬೆಂಚಿನ ಮೇಲೆ ಕೂತು ಬಿಸಿ ರೊಟ್ಟಿಗೆ ಬೆಣ್ಣೆ ಸವರುವುದು, ಮೂರೂ ಒಟ್ಟಿಗೆ ಕಣ್ಣಿಗೆ ಬಂತು. ಆ ಬೆಣ್ಣೆಯೇ ಹೊಟ್ಟೆಯಿಂದ ಮೇಲೆ ಬಂದ ಹಾಗಾಯಿತು.

ನನ್ನ ಮಾತು ನಂಬು ಎಂದು ಕೇಳುವ ಮುಖ ನನಗಿಲ್ಲ. ಎನೋಸನೂ, ನಿನ್ನಕ್ಕನಿಗೆ ಹೊಟ್ಟೆಕಿಚ್ಚು, ನಾವು ಬರುವುದು ಬೇಡವಾಗಿದೆ ಎನ್ನಬಹುದು. ಅದಕ್ಕೆ ಇನ್ನೊಂದು ಸಲ ಟಿಕೆಟ್ ಕೊಂಡು ಅವನನ್ನು ಕರೆದುಕೊಂಡು ಹೋಗು. ನನ್ನ ಮುಖ ನೋಡಬೇಡಿ, ಜಿಂಕೆ ನೋಡಬೇಡಿ. ಮನೆಯ ಬುಡ ನೋಡಿ. ಎಡಗಡೆ ಸೂರ್ಯಕಾಂತಿ ಗಿಡಗಳ ಸಂದಿಯಲ್ಲಿ ಕಪ್ಪಗೆ ದುಂಡಗೆ ಒಂದಿದೆ, ಅದರ ನಡುವೆ ಕಬ್ಬಿಣದ ಗುಂಬ ಹೊಳೆಯುತ್ತದೆ. ಅದು ಗಾಲಿ. ಗಿಡ ತಂದು ನೆಟ್ಟು ಮುಚ್ಚಿದ್ದರು, ಮೂರನೆಯ ದಿನ ಬಾಡಿ ಬಾಗಿದವು. ಗೇಜ್ ದೊರೆ ಅದೇನೆಂದು ಕೇಳಲೂ ಇಲ್ಲ, ಕಂಡದ್ದನ್ನು ಕಂಡ ಹಾಗೆ ಬರೆದುಬಿಟ್ಟ, ಹೊರಡುವ ಮೊದಲು ಚಿತ್ರ ತೋರಿಸಿದಾಗ ನಾನೇ ನೋಡಿದೆ. ಆಮೇಲೆ ಕಿಟಕಿ ನೋಡಿ. ಚೌಕಟ್ಟಿನ ಮೇಲೆ ಒಂದು ದಾರ, ದಾರದ ತುದಿಗೆ ಮೊಳೆ. ಗಾಜಿನಲ್ಲಿ ಆಕಾಶವೆಲ್ಲ ಇದೆ, ಮನೆಯ ಒಳಗಿನದು ಒಂದಿಷ್ಟೂ ಇಲ್ಲ. ಆ ಮನುಷ್ಯನನ್ನು ಎಷ್ಟು ಬೈದರೂ ಸಾಲದು, ಆದರೆ ಕೈ ಮಾತ್ರ ಸುಳ್ಳು ಹೇಳಲಿಲ್ಲ ಅವನದು. ಆ ಚಿತ್ರದಲ್ಲಿ ನಿಜವಾಗಿರುವುದು ಅವೆರಡೇ, ಅವೆರಡನ್ನೂ ನೂರಾರು ಜನ ನೋಡಿದ್ದಾರೆ, ಒಬ್ಬರೂ ಕಂಡಿಲ್ಲ.

ಎನೋಸ್ ಬೇಕಾದರೆ ಈ ಕಾಗದವನ್ನು ನ್ಯಾಯಾಧೀಶರಿಗೆ ಕೊಡಲಿ. ಸುಳ್ಳು ಆಣೆಗೆ ಜೋಥಮನನ್ನು ಒಳಗೆ ಹಾಕಿದರೆ ಹಾಕಲಿ, ತಲೆಯಾಡಿಸಿದ್ದಕ್ಕೆ ನನ್ನನ್ನೂ ಕೇಳಲಿ. ಅಪ್ಪನ ಜಮೀನು ಮಾತ್ರ ಮಾರಬೇಡಿ. ಆ ಮನೆಯಲ್ಲೇ ಹೆರು, ನಾವಿಬ್ಬರೂ ಹುಟ್ಟಿದ ಕೋಣೆಯಲ್ಲಿ. ಅಮ್ಮನಿಗೆ ಇದನ್ನೆಲ್ಲ ಹೇಳು, ಮುಚ್ಚಿಡಬೇಡ. ಅವಳು ನನ್ನನ್ನು ಬೈಯಲಿ. ಯಾರಾದರೂ ಬೈಯಬೇಕು, ಇಲ್ಲಿ ಬೈಯುವವರೂ ಇಲ್ಲ.

ಕ್ಷಮಿಸು ಎಂದು ಬರೆದು ಮೂರು ಸಲ ಹೊಡೆದುಹಾಕಿದೆ, ಕಾಣುತ್ತಿರಬಹುದು. ಅದನ್ನು ಕೇಳುವುದಿಲ್ಲ. ಇನ್ನು ಇಲ್ಲಿಂದ ಹೋಗುವ ದಾರಿ ನನಗೆ ಮುಚ್ಚಿತು, ಮುಚ್ಚಿದವಳು ನಾನೇ, ಅದಕ್ಕೆ ಅಳುವುದೂ ಇಲ್ಲ. ಒಂದೇ ಒಂದು ಬೇಡಿಕೆ ಇದೆ, ಅದೂ ನನ್ನದಲ್ಲ. ನಿನಗೆ ಮನಸ್ಸಾದರೆ ಡಾರ್ಕಸಳಿಗೆಂದು ಒಂದು ಸಾಲು ಬರೆ. ಅವಳ ಕೆನ್ನೆಯಲ್ಲಿ ಕಲೆ ಇದೆ ಎಂದು ತಿಳಿದೇ ಬರೆ.

ನಿನ್ನ ಅಕ್ಕನೆಂದು ಕರೆಸಿಕೊಳ್ಳಲು ಇನ್ನೂ ಆಸೆಯಿರುವ,
ಲವೀನಾ

ಜೋಥಮನ ಗುರುತು: ✕
ಸಾಕ್ಷಿ: ಲವೀನಾ, ಅವನ ಹೆಂಡತಿ

ತಾ.ಕ.: ಈ ಗುರುತು ಎಲ್ಲಿಂದ ಬಂತು ಎಂದು ಹೇಳಬೇಕು. ಸಹಿ ಹಾಕಿ ಮುಗಿಸುವಷ್ಟರಲ್ಲಿ ಜೋಥಮ್ ಎತ್ತುಗಳಿಗೆ ಹುಲ್ಲು ಹಾಕಿ ಒಳಗೆ ಬಂದ. “ಏನೇ ಇದು, ಇಷ್ಟುದ್ದ?” ಎಂದ. ತಂಗಿಗೆ ಇಲ್ಲಿಯ ವಿವರವೆಲ್ಲ ಬೇಕಂತೆ ಎಂದೆ. “ಓದು ನೋಡೋಣ” ಎಂದು ಎದುರಿಗೆ ಕೂತ. ನಾನು ಇದೇ ಹಾಳೆಗಳನ್ನು ಕೈಯಲ್ಲಿ ಹಿಡಿದು, ಕಣ್ಣನ್ನು ಸಾಲಿನಿಂದ ಸಾಲಿಗೆ ಸರಿಸುತ್ತಾ, ಪ್ಲಮ್ ತೋಪು, ಸಿಹಿನೀರು, ನಿಮ್ಮ ದಾರಿ ಕಾಯುತ್ತಿದ್ದೇವೆ ಎಂದೆಲ್ಲ ಓದಿದೆ. ಎರಡು ಕಡೆ ಅವನನ್ನೂ ಹೊಗಳಿದೆ. ಮುಖಕ್ಕೆ ಹೇಳುವ ಧೈರ್ಯ ನನಗಿಲ್ಲ ಹೆಪ್ಸಿ, ಅದು ಗೊತ್ತಿರಲಿ. ಅವನಿಗೆ ಖುಷಿಯೋ ಖುಷಿ. “ಹೀಗೆ ಬರಿ ಮತ್ತೆ! ನನ್ನ ಗುರುತೂ ಇರಲಿ, ಎನೋಸನಿಗೆ ನಂಬಿಕೆ ಬರುತ್ತೆ” ಎಂದು ಲೇಖನಿಯನ್ನು ತಾನೇ ಕಿತ್ತುಕೊಂಡು ಗೀಟೆಳೆದ. ಹಾಳೆಯಲ್ಲಿ ಬರೆದದ್ದಕ್ಕೆಲ್ಲ ಈಗ ಅವನ ಒಪ್ಪಿಗೆಯೂ ಇದೆ, ಎನೋಸನಿಗೆ ಇದನ್ನು ತೋರಿಸು. ಅಂಚೆಗೆ ಹನ್ನೆರಡು ಮೈಲಿ, ಮೊಣಕಾಲುದ್ದ ಹಿಮ. ಅಂಚೆಯವನಿಗಾಗಿ ಕಾಯುವುದು ಬೇಡ, ತಾನೇ ಒಯ್ಯುತ್ತೇನೆ ಎಂದು ಬೂಟು ಹಾಕಿಕೊಳ್ಳುತ್ತಿದ್ದಾನೆ. ನೀವು ಬರುವಾಗ ಬಿತ್ತನೆಗೆ ಒಳ್ಳೆಯ ಆಲೂಗಡ್ಡೆ ತರಬೇಕೆಂದು ಬರೆಯಲು ಹೇಳಿದ. ಬರೆದಿದ್ದೇನೆ.